ಅರೆತಲೆಗೆ ಮೂರು ಆಯ್ತವಾರ

ಕಾಲು ಮುರಿದುಕೊಂಡವರಿಗೆ ಊರುಗೋಲು ಸಿಗುತ್ತದೆ. ಜ್ವರ ಬಂದವರಿಗೆ ಗಂಜಿ ಸಿಗುತ್ತದೆ. ಬೆರಳು ಕೊಯ್ದುಕೊಂಡವರಿಗಂತೂ ಹೊನ್ನಾವರದ ಅರ್ಧ ಪೇಟೆಯೇ ಅರಿಶಿನ ಹಿಡಿದುಕೊಂಡು ಓಡಿ ಬರುತ್ತದೆ. ರಕ್ತ ಕಣ್ಣಿಗೆ ಕಾಣುತ್ತದಲ್ಲ. ತಲೆನೋವು ಬಂದವರಿಗೆ ಸಿಗುವುದು ಬುದ್ಧಿವಾದ ಮಾತ್ರ. ಅದರಲ್ಲಿಯೂ ತಲೆ ಹೆಂಗಸಿನದಾದರೆ, ನೋವಿದೆಯೆಂದು ನಂಬಿಸುವ ಮೊದಲು ತನಗೊಂದು ತಲೆಯಿದೆಯೆಂದು ಅವಳು ನಂಬಿಸಬೇಕು.

ಪರಮೇಶ್ವರಿಗೆ ಒಂಬತ್ತು ವರ್ಷಗಳಿಂದ ಅರೆತಲೆನೋವು. ಅದು ಶುರುವಾದಾಗ ಹೊನ್ನಾವರ ಬೊಂಬಾಯಿ ರಾಜ್ಯದಲ್ಲಿತ್ತು, ಈಗ ಮೈಸೂರು ರಾಜ್ಯದಲ್ಲಿದೆ. ಅಷ್ಟರೊಳಗೆ ಸೇರು ಹೋಗಿ ಕಿಲೋ ಬಂತು, ಆಣೆ ಹೋಗಿ ನಯಾಪೈಸೆ ಬಂತು, ಒಬ್ಬಳೇ ಮಗಳು ಮದುವೆಯಾಗಿ ಕುಮಟೆಗೆ ಹೋದಳು. ಯಾವುದಕ್ಕೂ ಜಗ್ಗದೆ ಮನೆಯಲ್ಲಿ ಉಳಿದದ್ದು ಈ ತಲೆನೋವೊಂದೇ. ವಾರಕ್ಕೊಮ್ಮೆ ತಪ್ಪದೆ ಬರುವುದು, ಎರಡು ದಿನ ಇದ್ದು ಹೋಗುವುದು. ಬಂದಾಗ ಬೆಳಕು ಸೂಜಿಯಾಗುತ್ತಿತ್ತು, ಒಗ್ಗರಣೆಯ ವಾಸನೆಗೆ ವಾಂತಿ ಬರುತ್ತಿತ್ತು, ಸೌಟು ಬಿದ್ದರೆ ಕೋಟೆಯ ತೋಪು ಹಾರಿದಂತಾಗುತ್ತಿತ್ತು. ಅವಳು ಉಗ್ರಾಣದ ಕತ್ತಲಲ್ಲಿ, ಹುಲ್ಲು ಸುತ್ತಿದ ಅಕ್ಕಿಮುಡಿಗಳ ಪಕ್ಕ, ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಇನ್ನೊಂದು ಅಕ್ಕಿಮುಡಿಯಂತೆ ಬಿದ್ದಿರುತ್ತಿದ್ದಳು.

ಗಂಡ ವಿಘ್ನೇಶ್ವರ ಮಾಸ್ತರು ಕನ್ನಡ ಶಾಲೆಯಲ್ಲಿದ್ದರು. ಹೆಸರೇನೋ ವಿಘ್ನ ನಿವಾರಿಸುವವನದು. ಮನೆಯಲ್ಲಿ ಅವರು ನಿವಾರಿಸಿದ ವಿಘ್ನ ಒಂದೂ ದಾಖಲೆಯಲ್ಲಿಲ್ಲ. ಕೆಟ್ಟವರಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. (ಹೊಡೆಯದ ಗಂಡ ಒಳ್ಳೆಯ ಗಂಡ ಎಂಬ ರೂಢಿ ನಮ್ಮಲ್ಲಿದೆ. ಇಷ್ಟು ಅಗ್ಗದ ಸರ್ಟಿಫಿಕೇಟು ಸರಕಾರ ಕೂಡ ಯಾರಿಗೂ ಕೊಡುವುದಿಲ್ಲ.) ಅವರಿಗೆ ನೆಗಡಿಯಾದರೆ ಅದು ರೋಗ. ಕಷಾಯ, ಶಾಲು, ಬಿಸಿನೀರು, ಎರಡು ದಿನ ರಜೆ. ಪರಮೇಶ್ವರಿಗೆ ತಲೆನೋವಾದರೆ ಅದು ನೆವ.

“ಮತ್ತೆ ಬಂತನೆ?” ಎಂದು ಉಗ್ರಾಣದ ಬಾಗಿಲಲ್ಲಿ ನಿಂತು ಕೇಳುವರು.

“ಬೈಂದು.”

“ನಾಳೆ ಊಟಕ್ಕೆ ಜನ ಇದ್ದ ಹೇಳದು ಅದಕ್ಕೆ ಹೆಂಗೆ ಗೊತ್ತಾಗ್ತು ಮಾರಾಯ್ತಿ?”

“ಅದನ್ನೇ ಕೇಳಿ. ಒಳಗೇ ಇದ್ದು.”

ಹಾಗೆಂದು ಮದ್ದು ಮಾಡಿಸಲಿಲ್ಲ ಎಂದರೆ ಪಾಪ ಬಂದೀತು. ಸುಂಠಿ ತೇಯ್ದು ಹಚ್ಚಿ ಹಣೆಯ ಚರ್ಮ ಸುಲಿಯಿತು, ನೋವು ಒಳಗೆ ಸುಖವಾಗಿಯೇ ಇತ್ತು. ಕುಮಟೆಯ ಡಾಕ್ಟರು ಕನ್ನಡಕ ಕೊಟ್ಟರು. ಅಂದಿನಿಂದ ಅಕ್ಕಿಯೊಳಗಿನ ಕಲ್ಲು ಮೊಳ ದೂರದಿಂದಲೇ ಕಾಣತೊಡಗಿತು, ಅಷ್ಟೇ ಲಾಭ. ಭಟ್ಕಳದ ಹಕೀಮರು ನಾಡಿ ನೋಡಿ, ಬಾದಾಮಿ ಎಣ್ಣೆ ಕೊಟ್ಟು, ಚಿಂತೆ ಹಚ್ಚಿಕೊಳ್ಳಬಾರದು ಎಂಬ ಪಥ್ಯವನ್ನು ಮಾಸ್ತರ ಹತ್ತಿರ ಹೇಳಿದರು. ಮಾಸ್ತರು ಅಂದಿನಿಂದ ಚಿಂತೆ ಹಚ್ಚಿಕೊಳ್ಳಲಿಲ್ಲ. ಯಾಣಕ್ಕೆ ಹರಕೆ ಹೊತ್ತು ಆ ಕಾಡುದಾರಿಯನ್ನು ನಡೆದದ್ದೂ ಆಯಿತು. ಅಲ್ಲಿ ಬಂಡೆಯ ಬುಡದಲ್ಲಿ ಎರಡೂ ಕೈಯಲ್ಲಿ ತಲೆ ಹಿಡಿದು ಕಣ್ಣು ಮುಚ್ಚಿ ಕೂತವಳನ್ನು ಧ್ಯಾನದಲ್ಲಿದ್ದಾಳೆಂದು ತಿಳಿದು ನಾಲ್ಕು ಜನ ಕೈಮುಗಿದು ಹೋದರು.

ಅವಳಿಗೆ ಬೇಕಾದದ್ದು ಎರಡೇ. ನೋವು ಹೋಗಬೇಕು. ಹೋಗದಿದ್ದರೆ, ಇದೆ ಎಂದಾದರೂ ಯಾರಾದರೊಬ್ಬರು ಒಪ್ಪಬೇಕು. ಎರಡನೆಯದು ಮೊದಲನೆಯದಕ್ಕಿಂತ ದುರ್ಲಭವಾದ ಮದ್ದು ಎಂದು ಒಂಬತ್ತು ವರ್ಷದಲ್ಲಿ ಅವಳಿಗೆ ಗೊತ್ತಾಗಿತ್ತು.

ಹೀಗಿರುವಾಗ, ಏಪ್ರಿಲಿನ ಕೊನೆಯಲ್ಲಿ ಒಂದು ದಿನ, ಒಣಗಿದೆಲೆಯ ಹೊರೆ ತಂದುಕೊಡುವ ದುರ್ಗಿ ಅವಳ ಹಣೆಯ ಬಟ್ಟೆ ನೋಡಿ ಹೊರೆ ಇಳಿಸಿ ಕೂತಳು.

“ಅಮ್ಮ, ಹೊಳೆಯಾಚೆ ಕಾಸರಕೋಡದಲ್ಲಿ ಹೊನ್ನಮ್ಮ ಅಂತ ಒಬ್ಳು ಇದ್ದಾಳೆ. ಸೊಪ್ಪಿನ ರಸ ಮೂಗಿಗೆ ಬಿಡ್ತಾಳೆ. ಮೂರು ಆಯ್ತವಾರ, ಸೂರ್ಯ ಹುಟ್ಟೂಕೆ ಮೊದ್ಲು. ನಮ್ಮ ಅತ್ತೆಗೆ ಗುಣ ಆಯ್ತು.”

“ನಂಗೂ ಆಗ್ತನೆ?”

“ಆಗ್ತದೆ. ಆದ್ರೆ ಕಟ್ಳೆ ಗಟ್ಟಿ. ಹೊಸ್ಲು ದಾಟಿದ ಮೇಲೆ ಮದ್ದು ಬೀಳೂವರಿಗೆ ತುಟಿ ಬಿಚ್ಚೂಕಾಗ. ಮೂರು ವಾರ ಮುಗಿಯೂವರಿಗೆ ಮದ್ದಿನ ಸುದ್ದಿ ಯಾರಿಗೂ ಹೇಳೂಕಾಗ, ಮನೆಯವರಿಗೂ. ಒಂದು ಮಾತಾಡಿದ್ರೆ ಎಣಿಕೆ ಮತ್ತೆ ಒಂದರಿಂದ.”

ಮನೆಯವರಿಗೆ ಹೇಳಬಾರದೆಂಬ ಕಟ್ಟಳೆ ಪರಮೇಶ್ವರಿಗೆ ಅನುಕೂಲವೇ ಆಯಿತು. ಹೊನ್ನಮ್ಮ ಮೀನುಗಾರರ ಕೇರಿಯವಳು. ಅವಳ ಕೈಯ ಮದ್ದೆಂದರೆ ಮಾಸ್ತರು ಮಡಿ ಮೈಲಿಗೆಯ ಪಾಠ ತೆಗೆಯುತ್ತಿದ್ದರು. (ಪೇಟೆಯ ಔಷಧದ ಬಾಟಲಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಗಾಜಿಗೆ ಮೈಲಿಗೆಯಿಲ್ಲವಂತೆ.)

ತೊಡಕು ಇದ್ದದ್ದು ಹೊಳೆಯಲ್ಲಿ. ಶರಾವತಿಗೆ ಸೇತುವೆ ಇನ್ನೂ ಬಂದಿರಲಿಲ್ಲ. ಭಟ್ಕಳದ ಬಸ್ಸು ಹೊರಡುವುದು ಆಚೆ ದಡದಿಂದ. ಹಾಗಾಗಿ ಬೆಳಗಿನ ಮೊದಲ ದೋಣಿಯಲ್ಲಿ ಬಸ್ಸಿನವರು, ಮೀನು ತರಲು ಹೋಗುವ ಹೆಂಗಸರು, ಎಲ್ಲರೂ ಕೂಡಿ ಅರ್ಧ ಹೊನ್ನಾವರ. ಈ ದೋಣಿಯಲ್ಲಿ ‘ಎಲ್ಲಿಗೆ’ ಎನ್ನುವುದು ಪ್ರಶ್ನೆಯಲ್ಲ, ನಮಸ್ಕಾರ. ಅದಕ್ಕೆ ಉತ್ತರ ಕೊಡದೆ ಹೊಳೆ ದಾಟುವವರು ಎರಡೇ ಜಾತಿ: ಹೆಣ, ಇಲ್ಲವೇ ಕಲೆಕ್ಟರು.

ಮೊದಲ ಆಯ್ತವಾರ ಹಾಗೇ ಹಾಳಾಯಿತು. ದೋಣಿಯ ಮಂಜು “ಎಲ್ಲಿಗೆ ಹೊಂಟದ್ದು ಅಮ್ಮ?” ಎಂದ. ಮೂವತ್ತೆಂಟು ವರ್ಷದ ಸಂಸ್ಕಾರ ಅವಳ ಅನುಮತಿ ಕೇಳದೆ “ಇಲ್ಲೇ” ಎಂದುಬಿಟ್ಟಿತು. ಹೊನ್ನಮ್ಮ ಬಾಗಿಲಲ್ಲಿ ನಿಂತು ಮುಖ ನೋಡಿದಳು. “ಬಾಯಿ ಬಿಟ್ಯೇನೆ?” ಎಂದಳು. ಪರಮೇಶ್ವರಿ ಹೂಂ ಎಂದಳು. “ಹಂಗಾರೆ ಬರೂ ಆಯ್ತವಾರ ಬಾ.”

ಮರುವಾರ ಪರಮೇಶ್ವರಿ ಬಾಯಿಯೊಳಗೆ ಒಂದು ಲವಂಗ ಕಚ್ಚಿ ಹಿಡಿದು ದೋಣಿ ಹತ್ತಿದಳು. ಮಂಜು ಕೇಳಿದ, ಅವಳು ನೀರು ನೋಡಿದಳು. ಬಸ್ಸಿನವರು ಕೇಳಿದರು, ಅವಳು ಆಕಾಶ ನೋಡಿದಳು. ಮೀನಿನ ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದ ಗಂಗೆ ಮಾತ್ರ ಕೇಳಲಿಲ್ಲ. ಅವಳು ನೇರವಾಗಿ ತೀರ್ಮಾನಕ್ಕೇ ಬಂದಳು.

“ಮಾಸ್ತರು ಹೊಡದ್ರು ಕಾಂತದೆ,” ಎಂದಳು ಮಂಜುವಿಗೆ. “ಮುಖ ನೋಡು. ಹೊಳೆಗೆ ಹಾರೂ ಮುಖ ಅದು.”

“ಸುಮ್ನಿರೆ. ತೌರುಮನೆ ಮಾವಳ್ಳಿ ಅಲ್ದ ಅವ್ರದ್ದು, ಅಲ್ಲಿಗೆ ಹೊಂಟಿರೂಕೂ ಸಾಕು.”

“ಗಂಟಿಲ್ದೆ ಯಾರಾದ್ರೂ ತೌರಿಗೆ ಹೋಗ್ತಾರೇನಾ? ಗಂಟಿಲ್ದೆ ಹೋಗೂದು ಒಂದೇ ಬದಿಗೆ.”

ಹೀಗೆ ಹೇಳಿ ಗಂಗೆ ಪರಮೇಶ್ವರಿಯ ಸೀರೆಯ ಸೆರಗನ್ನು ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡಳು. ಆಚೆ ದಡ ಬರುವ ತನಕ ಬಿಡಲಿಲ್ಲ. ಪರಮೇಶ್ವರಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಇದ್ದ ನೋವಿಗೆ ಒಂಬತ್ತು ವರ್ಷದಲ್ಲಿ ಯಾರೂ ಕಿರುಬೆರಳು ಹಿಡಿದವರಿಲ್ಲ. ಇಲ್ಲದ ನೋವಿಗೆ ಈ ಹೆಂಗಸು ಹೊಳೆಯುದ್ದ ಸೆರಗು ಹಿಡಿದಿದ್ದಾಳೆ. ಅಷ್ಟು ಬೇಗ ದಡ ಬಂದದ್ದು ಅವಳಿಗೆ ಬೇಸರವೇ ಆಯಿತು.

ಹೊನ್ನಮ್ಮ ಏನನ್ನೂ ಕೇಳಲಿಲ್ಲ. ಅಂಗೈಯನ್ನು ಅವಳ ತಲೆಯ ಮೇಲೆ ನಿಧಾನವಾಗಿ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. “ಇಲ್ಲೇ ಅಲ್ದೇನೆ,” ಎಂದಳು. ಮದ್ದು ಇನ್ನೂ ತೆಂಗಿನ ಚಿಪ್ಪಿನಲ್ಲೇ ಇತ್ತು, ಪರಮೇಶ್ವರಿಯ ಕಣ್ಣಿಂದ ನೀರು ಇಳಿಯಿತು. ಆಮೇಲೆ ಮೂಗಿಗೆ ರಸ ಬಿತ್ತು, ಮತ್ತಷ್ಟು ಇಳಿಯಿತು. ಅದು ಸೊಪ್ಪಿನ ಗುಣ.

ಆ ವಾರ ನೋವು ಬಂತು, ಒಂದೇ ದಿನಕ್ಕೆ ಹೋಯಿತು. ಎರಡನೆಯ ಮದ್ದಿನ ಮೇಲೆ ಬರಲೇ ಇಲ್ಲ. ಪರಮೇಶ್ವರಿ ಮಧ್ಯಾಹ್ನದ ಬಿಸಿಲಲ್ಲಿ ಅಂಗಳಕ್ಕೆ ಬಂದು ನಿಂತು, ಸಾಲ ಕೇಳುವವರಿಲ್ಲದ ಬೀದಿಯಲ್ಲಿ ನಡೆದವಳಂತೆ, ಸುಮ್ಮನೆ ಅತ್ತಿತ್ತ ಓಡಾಡಿದಳು. ಬೆಳಿಗ್ಗೆ ಎಲ್ಲಿಗೆ ಹೋಗಿದ್ದು ಎಂದು ಮಾಸ್ತರು ಕೇಳಿದರೆ ಹೊಳೆಯಾಚೆಯ ದೇವಸ್ಥಾನಕ್ಕೆ ಎನ್ನುತ್ತಿದ್ದಳು. ದೇವರ ಹೆಸರಿನಲ್ಲಿ ಹೇಳುವ ಸುಳ್ಳಿಗೆ ನಮ್ಮ ಊರಲ್ಲಿ ಮೊದಲಿಂದಲೂ ರಿಯಾಯತಿಯಿದೆ.

“ಮೂರನೇದು ಬೀಗ ಇದ್ದಾಂಗೆ,” ಎಂದಿದ್ದಳು ಹೊನ್ನಮ್ಮ. “ಅದು ಬಿದ್ರೆ ನೋವು ಹೊರಗೇ. ತಪ್ಪಿದ್ರೆ ಬಂದ ದಾರಿ ಹಿಡಿದು ಬತ್ತದೆ. ಮತ್ತೆ ಮಳೆ ಹಿಡಿತದೆ, ಮಳೆ ಕುಡಿದ ಸೊಪ್ಪಲ್ಲಿ ಸತ್ವ ಇಲ್ಲ. ಮುಂದಿನ ವೈಶಾಖಕ್ಕೇ ಬರಬೇಕಾತು.”

ಇತ್ತ ಗಂಗೆಯ ತೀರ್ಮಾನ ಬುಟ್ಟಿಯ ಮೀನಿನ ಜೊತೆ ಮನೆಮನೆಗೆ ಹೋಗಿ, ಶುಕ್ರವಾರ ಕ್ಷೌರದಂಗಡಿಗೆ ಬಂತು. ಅಲ್ಲಿ ಮಾಸ್ತರು ಕತ್ತಿಗೆ ಕುತ್ತಿಗೆ ಕೊಟ್ಟು ಕೂತಿದ್ದಾಗ, ಕತ್ತಿ ಹಿಡಿದವನು ಹೆಂಗಸರ ಮೇಲೆ ಕೈ ಮಾಡುವ ಕಲಿತವರ ಬಗ್ಗೆ ತನ್ನ ಅಭಿಪ್ರಾಯ ಹೇಳಿದ. ಎದ್ದು ಬರುವಂತೆಯೂ ಇರಲಿಲ್ಲ, ಅರ್ಧ ಗಡ್ಡ ಉಳಿದಿತ್ತು.

“ಆನು ಯಾವತ್ತಾದ್ರೂ ನಿಂಗೆ ಹೊಡದ್ನನೆ?” ಎಂದು ಮನೆಗೆ ಬಂದವರೇ ಕೇಳಿದರು.

“ಇಲ್ಲೆ.”

“ಮತ್ತೆ ದೋಣಿಯಲ್ಲಿ ಎಂತಕ್ಕೆ ಗರ ಬಡಿದವರ ಹಂಗೆ ಕೂತ್ಕತ್ತೆ? ಊರೆಲ್ಲ ನನ್ನ ಮೋರೆ ನೋಡ್ತು.”

“ನಂಗೆ ಮಾತಾಡಲೆ ಮನಸ್ಸಿರ್ತಿಲ್ಲೆ.”

“ಮನೆಯಲ್ಲಿ ಇರ್ತನೆ?”

“ಮನೆಯಲ್ಲಿ ಯಾರ ಹತ್ರ ಮಾತಾಡಲಿ?”

ಮಾಸ್ತರು ಆಯ್ತವಾರದ ತನಕ ಕಾದರು. ಮೂರನೆಯ ಮದ್ದಿನ ದಿನ ಅವಳು ಎದ್ದಾಗ ಅವರು ಕೋಟು ತೊಟ್ಟು ಕೊಡೆ ಹಿಡಿದು ಜಗಲಿಯಲ್ಲಿ ತಯಾರಾಗಿದ್ದರು.

“ಆನೂ ಬತ್ತಿ.”

ಅವಳಿನ್ನೂ ಹೊಸ್ತಿಲ ಒಳಗಿದ್ದಳು. “ಬ್ಯಾಡ,” ಎಂದಳು.

“ಬತ್ತಿ ಅಂದ್ರೆ ಬತ್ತಿ. ಜನ ಎಂತ ಹೇಳ್ತ ನೋಡ್ತಿ.”

ಅವಳು ಲವಂಗ ಬಾಯಿಗೆ ಹಾಕಿ ಹೊಸ್ತಿಲು ದಾಟಿದಳು.

ದೋಣಿಯಲ್ಲಿ ಮಾಸ್ತರನ್ನು ಕಂಡು ಜನ ಅತ್ತಿತ್ತ ಸರಿದು ಜಾಗ ಬಿಟ್ಟರು. ಗೌರವಕ್ಕಲ್ಲ. ಪಡುವಣ ಬಾನಲ್ಲಿ ಮೋಡ ಕಪ್ಪಾಗಿ ನಿಂತಿತ್ತು. ಗಂಗೆ ಎಂದಿನಂತೆ ಪರಮೇಶ್ವರಿಯ ಸೆರಗನ್ನು ಕೈಗೆ ಸುತ್ತಿಕೊಂಡು, ಎಂದಿಗಿಂತ ಗಟ್ಟಿಯಾಗಿ ಹೇಳಿದಳು: “ಮಾಸ್ತರೇ, ನೀವು ನಾಕು ಮಕ್ಕಳಿಗೆ ಬುದ್ಧಿ ಹೇಳೂವರು. ಮನೆ ಹೆಣ್ಣಿಗೆ ಬಾಯಿ ಹೋಗೂವಷ್ಟು ತ್ರಾಸು ಕೊಡೂಕಾಗ.”

ಮಾಸ್ತರು ಎದ್ದು ನಿಂತರು. ತರಗತಿಯ ಅಭ್ಯಾಸ.

“ಕೂತ್ಕಂಡು ಹೇಳಿ ಮಾಸ್ತರೇ, ದೋಣಿ ಮಗಚ್ತದೆ,” ಎಂದ ಮಂಜು.

ಕೂತರು. ಕೊಡೆಯನ್ನು ಎರಡು ಕಾಲಿನ ನಡುವೆ ಊರಿ, ದೋಣಿಯ ಎರಡೂ ತುದಿಗೆ ಕೇಳುವಂತೆ ಹೇಳಿದರು: “ನಾನು ಕೈ ಮಾಡಿದವನಲ್ಲ. ಇವಳಿಗೆ ತಲೆನೋವು. ಒಂಬತ್ತು ವರ್ಷದ ತಲೆನೋವು. ಅದಕ್ಕೇ ಮಾತಿಲ್ಲ.”

ಒಂಬತ್ತು ವರ್ಷ ಅವಳ ನೆವವಾಗಿದ್ದ ತಲೆನೋವು ಅಂದು ಅವರ ನೆವವಾಯಿತು.

“ನೀವು ನಂಬೂದಿಲ್ಲ,” ಎಂದು ಮಾಸ್ತರು ಮುಂದುವರಿದರು. “ಬೆಳಕು ಕಂಡರೆ ಆಗುವುದಿಲ್ಲ. ಒಗ್ಗರಣೆ ಹಾಕಿದರೆ ವಾಂತಿ. ಒಂದು ಸೌಟು ಬಿದ್ದರೆ ಗೋಡೆ ಹಿಡಿದುಕೊಳ್ಳುತ್ತಾಳೆ. ಎರಡು ದಿನ ಅನ್ನ ನೀರಿಲ್ಲದೆ ಕತ್ತಲಲ್ಲಿ. ನೋಡುವುದಕ್ಕಾಗುವುದಿಲ್ಲ.”

ಪರಮೇಶ್ವರಿ ಮೊದಲ ಸಲ ತಲೆಯೆತ್ತಿ ಗಂಡನ ಮುಖ ನೋಡಿದಳು. ಎಲ್ಲ ಗೊತ್ತಿದೆ ಇವರಿಗೆ. ಉಗ್ರಾಣದೊಳಗಿಂದ ಅವಳು ಹೇಳಿದ ಒಂದೊಂದು ಮಾತೂ ಕಿವಿಗೆ ಬಿದ್ದಿದೆ, ಒಳಗೆ ಉಳಿದಿದೆ. ಅವಳು ಬಯಸಿದ್ದ ಸಾಕ್ಷಿ ಇಷ್ಟು ವರ್ಷ ಜಗಲಿಯಲ್ಲೇ ಪೇಪರು ಓದುತ್ತ ಕೂತಿತ್ತು. ಸಿಟ್ಟು ಬರಬೇಕೋ ಸಂತೋಷವಾಗಬೇಕೋ ತಿಳಿಯದೆ ಲವಂಗವನ್ನು ಗಟ್ಟಿಯಾಗಿ ಕಚ್ಚಿದಳು.

“ಛೆ, ಪಾಪ,” ಎಂದಳು ಗಂಗೆ. “ನಿಮಗೆಷ್ಟು ಕಷ್ಟ ಮಾಸ್ತರೇ.”

“ಹೌದು, ಬೇಯಿಸಿ ಹಾಕೂವರು ಬಿದ್ಕಂಡ್ರೆ ಗಂಡಸು ಎಂತ ಮಾಡ್ತಾನೆ,” ಎಂದ ಬಸ್ಸಿನವನೊಬ್ಬ. ದೋಣಿಯ ಕರುಣೆಯೆಲ್ಲ ಒಮ್ಮೆಲೇ ಮಾಸ್ತರ ಕಡೆಗೆ ವಾಲಿತು. ದೋಣಿ ಮಗಚದಿದ್ದದ್ದು ಆಶ್ಚರ್ಯ.

ಮಾಸ್ತರಿಗೆ ಹುರುಪು ಬಂತು. “ಸಾಧಾರಣ ತಲೆನೋವಲ್ಲ ಇದು. ಅರೆತಲೆ. ಸರಿಯಾಗಿ ಅರ್ಧ. ಎಡಬದಿ.”

“ಬಲಬದಿ,” ಎಂದಳು ಪರಮೇಶ್ವರಿ.

ಮಂಜು ಹುಟ್ಟು ಹಾಕುವುದನ್ನು ಬಿಟ್ಟ. ನೀರು ದೋಣಿಯ ಅಡಿಯಲ್ಲಿ ಸದ್ದು ಮಾಡಿತು. ಲವಂಗ ಅವಳ ಮಡಿಲಲ್ಲಿ ಬಿದ್ದಿತ್ತು.

“ಎಡಬದಿ ಅಲ್ದನೆ?” ಎಂದರು ಮಾಸ್ತರು.

“ಬಲಬದಿ. ಒಂಬತ್ತು ವರ್ಷಾತು. ಬಲಬದಿ.”

“ಬಾಯಿ ಬಂತಲ್ಲೆ ಅಮ್ಮಂಗೆ,” ಎಂದು ಗಂಗೆ ಸೆರಗು ಬಿಟ್ಟಳು. ಇನ್ನು ಹಿಡಿದುಕೊಳ್ಳುವ ಕಾರಣವಿರಲಿಲ್ಲ. ದೋಣಿಯವರೆಲ್ಲ ಒಬ್ಬೊಬ್ಬರಾಗಿ ತಲೆನೋವಿನ ಮದ್ದು ಹೇಳತೊಡಗಿದರು. ಹೆಚ್ಚಿನವರು ಸುಂಠಿ ಎಂದರು. ದಡಕ್ಕಿಳಿದ ಮೇಲೂ ಮಾಸ್ತರು ಅವರ ನಡುವೆಯೇ ಉಳಿದರು, ಪರಮೇಶ್ವರಿ ಒಬ್ಬಳೇ ಕೇರಿಗೆ ನಡೆದಳು.

ಹೊನ್ನಮ್ಮ ಅವಳ ಮುಖ ನೋಡಿಯೇ ಚಿಪ್ಪಿನ ರಸವನ್ನು ಬಾಳೆಯ ಬುಡಕ್ಕೆ ಚೆಲ್ಲಿದಳು.

“ಎಷ್ಟು ಮಾತಾಡ್ದೆ?”

“ಒಂದೇ.”

“ಒಂದು ಮಾತು ನುಂಗೂಕಾಗ್ಲಿಲ್ವೇನೆ ನಿಂಗೆ?”

“ಉಳಿದದ್ದೆಲ್ಲ ನುಂಗಿದ್ನಲೆ,” ಎಂದಳು ಪರಮೇಶ್ವರಿ.

ಬುಧವಾರ ಮಳೆ ಹಿಡಿಯಿತು, ಗುರುವಾರ ನೋವು ಬಂತು. ಮಾತು ಕೊಟ್ಟವರ ಹಾಗೆ ಬಲಬದಿಗೇ ಬಂತು. ಅವಳು ಉಗ್ರಾಣ ಸೇರಿದಳು. ಸಂಜೆ ಜಗಲಿಯಲ್ಲಿ ಮಾತು ಕೇಳಿಸಿತು. ಶಾಲೆಯ ಹೆಡ್‌ಮಾಸ್ತರು ಬಂದಿದ್ದರು. ದೋಣಿಯ ಸುದ್ದಿ ಅವರಿಗೂ ಮುಟ್ಟಿತ್ತು.

“ಅರೆತಲೆ,” ಎನ್ನುತ್ತಿದ್ದರು ವಿಘ್ನೇಶ್ವರ ಮಾಸ್ತರು, ಭೂಗೋಳ ಕಲಿಸುವ ದನಿಯಲ್ಲಿ. “ಬಲಬದಿ. ಕೆಲವರು ಎಡಬದಿ ಅಂತಾರೆ, ಅದು ತಪ್ಪು.”

ಕತ್ತಲಲ್ಲಿ ಮಲಗಿ ಅವಳು ಅದನ್ನು ಕೇಳಿದಳು. ಒಂಬತ್ತು ವರ್ಷದ ಮೇಲೆ ತನ್ನ ನೋವಿಗೆ ಒಬ್ಬ ವಕೀಲ ಸಿಕ್ಕಿದ್ದ. ಒದ್ದೆಬಟ್ಟೆ ತಿರುವಿ ಹಾಕಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು, ಬೆಳಕು ನುಗ್ಗಿತು.

“ಎಚ್ಚರ ಇದ್ದನೆ?” ಮಾಸ್ತರು ಬಹಳ ಮೃದುವಾಗಿ ಕೇಳಿದರು. “ಹೆಡ್‌ಮಾಸ್ತರು ಬೈಂದ. ನಿನ್ನ ತಲೆನೋವು ವಿಚಾರ್ಸಲೆ ಹೇಳಿಯೇ ಬೈಂದ, ಪಾಪ, ಇಂಥಾ ಮಳೆಯಲ್ಲಿ. ಎರಡು ಲೋಟ ಕಾಪಿ ಮಾಡಲಕ್ಕನೆ?”

ಪರಮೇಶ್ವರಿ ಗೋಡೆ ಹಿಡಿದು ಎದ್ದಳು. ಒಲೆಯ ಮುಂದೆ ಕೂತು, ಒಂದು ಕಣ್ಣು ಮುಚ್ಚಿಕೊಂಡು, ಡಬ್ಬಿ ತೆರೆದಳು.

“ಸಕ್ಕರೆ ಎಷ್ಟು ಹಾಕವು?”

ಮಾಸ್ತರ ಮುಖ ಸಣ್ಣದಾಯಿತು. ನಿಜವಾಗಿಯೂ ನೊಂದುಕೊಂಡರು.

“ಇಪ್ಪತ್ತೆರಡು ವರ್ಷಾತಲೆ ಮಾರಾಯ್ತಿ,” ಎಂದರು. “ನಂಗೆ ಎಷ್ಟು ಸಕ್ಕರೆ ಹೇಳದು ಇನ್ನೂ ನಿಂಗೆ ಗೊತ್ತಿಲ್ಯನೆ?”