ಲಲಿತಕ್ಕನಿಗೆ ತಿಳಿಯದಂತೆ ತಂದ ಕಾಣೆ

ನಾನು ಸುಧಾರಿಸಿದ ಮನುಷ್ಯ ಎಂದು ನನಗೆ ಆಗಾಗ ಅನ್ನಿಸುವುದುಂಟು. ಬೇರೆ ಯಾರಿಗೂ ಹಾಗೆ ಅನ್ನಿಸಿದ ಸುದ್ದಿಯಿಲ್ಲ. ಬೆಳಗ್ಗೆ ಬೀಜಾಡಿಯ ಕಡಲ ಬದಿಯಲ್ಲಿ ನಡೆಯುತ್ತೇನೆ, ಹೆಂಡತಿಯ ಎದುರಿಗೆ ಸಕ್ಕರೆ ಮುಟ್ಟುವುದಿಲ್ಲ, ಮೊಬೈಲಿನಲ್ಲಿ ಮನಶ್ಶಾಂತಿಯ ಭಾಷಣ ಕೇಳುತ್ತಲೇ ಅಡ್ಡ ಬಂದ ಸ್ಕೂಟರಿನವನಿಗೆ ಬೈಯುತ್ತೇನೆ. ಸುಧಾರಣೆ ಹೀಗೆ ಸಾಗಿರುವಾಗ ನಮ್ಮ ಮಾಳಿಗೆಗೆ ಬಾಡಿಗೆಗೆ ಬಂದವರು ಅನಘಾ, ಸುಧೀರ, ಪ್ರಕಾಶ.

ಮೂವರೂ ಮೂವತ್ತು ದಾಟಿದವರು. ಮನೆ ನೋಡಲು ಬಂದ ದಿನವೇ ಬ್ರಹ್ಮಾವರದ ಅನಘಾ ಸಲೀಸಾಗಿ ಹೇಳಿದಳು: "ಅಂಕಲ್, ನಂಗೆ ಇವ್ರಿಬ್ರ ಮೇಲೂ ಪ್ರೀತಿ ಇತ್ತ್. ಅದ್ ಇವ್ರಿಬ್ರಿಗೂ ಗೊತ್ತಿತ್ತ್. ಮೂರೂ ಜನ ಒಟ್ಟಿಗೆ ಇಪ್ಪುದ್. ನಿಮ್ಗೆ ಅಡ್ಡಿ ಇದ್ರೆ ಈಗ್ಳೇ ಹೇಳಿ." ನಮ್ಮ ಕಡೆ 'ಇತ್ತ್' ಎಂದರೆ 'ಇದೆ'; ಪ್ರೀತಿ ಹಳೆಯದಲ್ಲ, ಚಾಲ್ತಿಯಲ್ಲಿರುವುದು. ನಾನು ಮರ್ಯಾದೆಗೆ ಕೆಮ್ಮಿದೆ. ನನ್ನ ಹೆಂಡತಿ ಸುಮತಿ, "ನಂಗ್ ಇವ್ರೊಬ್ರನ್ ಸುಧಾರ್ಸುಕೇ ಆತಿಲ್ಲೆ, ನೀ ಇಬ್ರನ್ ಹ್ಯಾಂಗ್ ಮಾರಾಯ್ತಿ?" ಎಂದು ಕೇಳಿ ಕೀಲಿಕೈ ಕೊಟ್ಟೇಬಿಟ್ಟಳು.

ನೋಡುತ್ತ ನೋಡುತ್ತ ನನಗೆ ಅವರ ಮೇಲೆ ನಿಜವಾಗಿ ಗೌರವ ಹುಟ್ಟಿತು. ಸುಧೀರನಿಗೆ ಜ್ವರ ಬಂದರೆ ಪ್ರಕಾಶ ಗಂಜಿ ಬೇಯಿಸುತ್ತಾನೆ. ಅನಘಾ ಮತ್ತು ಪ್ರಕಾಶ ಮರವಂತೆಗೆ ಹೊರಟರೆ ಸುಧೀರ, "ನಂಗ್ ಸ್ವಲ್ಪ ಹೊಟ್ಟೆ ಉರೀತಾ ಇತ್ತ್, ಆದ್ರೂ ಹೋಯ್ ಬನ್ನಿ" ಎನ್ನುತ್ತಾನೆ. ಹೊಟ್ಟೆಕಿಚ್ಚನ್ನು ಹೀಗೆ ಹವಾಮಾನದ ವರದಿಯಂತೆ ಹೇಳಿಕೊಳ್ಳಬಹುದೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಅದನ್ನು ಬಾಗಿಲು ದಢಾರನೆ ಹಾಕಿ ತಿಳಿಸುವ ಪದ್ಧತಿ. "ಎಂತದೂ ಮುಚ್ಚಿಡೂಕಾಗ ಅಂತ ಮೊದ್ಲೇ ಮಾತಾಯ್ತ್ ಅಂಕಲ್. ಅದ್ ಕಲೂಕೆ ಸುಮಾರ್ ಸಮಯ ಹಿಡಿತ್" ಎಂದಳು ಅನಘಾ. ನಾನೂ ಕಲಿಯಬೇಕು ಎಂದುಕೊಂಡೆ.

ಕಲಿಯುವ ಮೊದಲೇ ಕಾಣೆ ಮೀನು ಅಡ್ಡ ಬಂತು. ನಮ್ಮ ಕಡೆ ಮನೆಗೊಬ್ಬಳು ಕಾಯಂ ಮೀನಿನವಳು. ಅವಳನ್ನು ಬಿಟ್ಟು ಇನ್ನೊಬ್ಬರಲ್ಲಿ ಕೊಳ್ಳುವುದೆಂದರೆ ಸಣ್ಣ ಮಾತಲ್ಲ. ನಮಗೆ ಗಂಗೊಳ್ಳಿಯ ಲಲಿತಕ್ಕ. ಸುಮತಿಯ ಬಾಣಂತನದಲ್ಲಿ ನಂಜಾಗದ ಮೀನು ಆರಿಸಿ ತಂದವಳು, ಸುಮತಿಯ ತಾಯಿ ತೀರಿಕೊಂಡಾಗ ಬುಟ್ಟಿ ಇಳಿಸಿ ಜೊತೆಗೆ ಕೂತು ಅತ್ತವಳು. ಹಾಗಿದ್ದೂ ಒಂದು ದಿನ ಕುಂದಾಪುರದ ಪೇಟೆಯಲ್ಲಿ ತಾಜಾ ಕಾಣೆ ಕಂಡು, ಮನಸ್ಸು ತಡೆಯದೆ ಕೊಂಡು, ಕೊತ್ತಂಬರಿ ಸೊಪ್ಪಿನಡಿ ಅಡಗಿಸಿ ತಂದೆ. ಅದು ಕಾವಲಿಯ ಮೇಲೆ ಚುರುಗುಟ್ಟುತ್ತಿರುವಾಗಲೇ ಗೇಟಿನಲ್ಲಿ "ಹ್ವಾಯ್, ಮೀನ್ ಬೇಕಾ?" ಎಂದು ಲಲಿತಕ್ಕನ ದನಿ. "ಬೇಡ ಲಲಿತಕ್ಕ, ಇವತ್ ಏಕಾದಶಿ, ನಾವ್ ಮೀನ್ ತಿಂಬುದಿಲ್ಲೆ" ಎಂದುಬಿಟ್ಟೆ. ಅಂಗಳದವರೆಗೂ ಕಾಣೆಯ ಪರಿಮಳ. ಅವಳು ಒಮ್ಮೆ ಮೂಗಿನಿಂದ ಉಸಿರೆಳೆದು ತಿರುಗಿದಳು. ಮೆಟ್ಟಿಲಿಳಿದು ಬಂದ ಅನಘಾ ಮಾತ್ರ ಇದ್ದದ್ದು ಇದ್ದ ಹಾಗೆ, "ಲಲಿತಕ್ಕ, ನಾನ್ ಇವತ್ ಪೇಟೆಯಗೆ ತಕಂಡೆ, ನಾಳೆ ನಿಮ್ಮತ್ರ" ಎಂದಳು. "ಅಡ್ಡಿಲ್ಲೆ ಮಗಾ" ಎಂದು ಲಲಿತಕ್ಕ ಅವಳಿಗೆ ನಕ್ಕು ಹೋದಳು.

ಮರುದಿನದಿಂದ ಲಲಿತಕ್ಕ ನಮ್ಮನ್ನು ಕೂಗುವುದನ್ನೇ ಬಿಟ್ಟು ನೇರ ಮಾಳಿಗೆಯ ಮೆಟ್ಟಿಲು ಹತ್ತತೊಡಗಿದಳು. ಸುಮತಿಗೆ ಊಟ ಸೇರಲಿಲ್ಲ. "ಮೀನ್ ಹೋಯ್ಲಿ. ನಂಗ್ ಅಕ್ಕ ಅಂದ್ರೆ ಅವ್ಳೊಬ್ಳೇ. ಅವ್ಳನ್ ಕಳ್ಕಂಡ್ ನಾ ಎಂತ ಮಾಡುದ್?" ಎಂದು ಕಣ್ಣೊರೆಸಿಕೊಂಡಳು. ಮಾಳಿಗೆಯವರನ್ನು ನೆನೆದು ಧೈರ್ಯ ತಂದುಕೊಂಡು ಮೆಟ್ಟಿಲ ಬುಡದಲ್ಲಿ ಲಲಿತಕ್ಕನನ್ನು ತಡೆದೆ. "ಅವತ್ ಏಕಾದಶಿ ಅಲ್ಲ. ಪೇಟೆ ಕಾಣೆ ತಂದಿದ್ದೆ. ಸುಳ್ಳ್ ಹೇಳ್ದೆ. ತಪ್ಪಾಯ್ತ್" ಎಂದೆ.

"ಕಾಣೆ ತಿಂದದ್ಕ್ ನಂಗ್ ಬೇಜಾರಿಲ್ಲೆ. ನಂಗ್ ಮೂಗ್ ಇಲ್ಲೆ ಅಂದೇಳಿ ಮಾಡ್ಕಂಡ್ರಿಯಾ?" ಎಂದವಳು ಕೊನೆಗೆ ನಕ್ಕು, ಒಳಗೆ ಹೋಗಿ ಸುಮತಿಯ ಪಕ್ಕ ಕೂತಳು. ಸುಮತಿಯ ಮುಖ ಅರಳಿತು. ಲಲಿತಕ್ಕ ಬುಟ್ಟಿಯಿಂದ ಅಗ್ಗದ, ಮುಳ್ಳುಮುಳ್ಳಿನ ಬೈಗೆ ಮೀನು ತೆಗೆದುಕೊಟ್ಟಾಗ ಅದರಡಿ ದಪ್ಪನೆಯ ಕಾಣೆ ಕಂಡಿತು. ನಾನು ಕೈ ಚಾಚಿದೆ. "ಅದ್ ಮೇಲಿನ್ ಮನಿಗೆ. ಆ ಮಕ್ಳಿಗೆ ಅಂದೇಳಿ ತಂದದ್" ಎಂದಳು.

ಮಧ್ಯಾಹ್ನ ಊಟಕ್ಕೆ ಕೂತವನು, "ಇಷ್ಟ್ ವರ್ಷದ್ ನಮ್ಮನ್ ಬಿಟ್ಟ್, ನಿನ್ನೆ ಮೊನ್ನೆ ಬಂದವ್ರಿಗ್ ಕಾಣೆಯಾ?" ಎಂದು ಗೊಣಗಿದೆ. ಸುಮತಿ ಸಾರು ಬಡಿಸುತ್ತ, "ಮೇಲಿನ್ ಗಂಡ್ಸ್ರಿಬ್ರ್ ಎಷ್ಟ್ ಚೆಂದ ಹೊಂದ್ಕಂಡ್ ಇದ್ರ್. ನಿಮ್ಗೆ ಒಬ್ಳ್ ಮೀನಿನವ್ಳ್ ಎರಡ್ ಮನಿಗ್ ಹೋಪುದೇ ತಡಿತಿಲ್ಲೆ. ಹೊಟ್ಟೆ ಉರೀತಾ ಇತ್ತಾ? ಸಮಾ ಹೇಳಿ ಕಾಂಬ" ಎಂದಳು.

ಹೇಳಬಹುದಿತ್ತು.

"ಹಾಂಗೆಂತ ಇಲ್ಲೆ. ಗಂಟ್ಲಗೆ ಬೈಗೆ ಮುಳ್ಳ್ ಸಿಕ್ಕಿತ್" ಎಂದೆ.