ಎಂಟು ಹದಿನಾಲ್ಕರ ಲೋಕಲ್ಲಿನಲ್ಲಿ ಕರಾರು ಓದುವುದು

ಮುಂಬಯಿ ಲೋಕಲ್ಲಿನಲ್ಲಿ ಜಾಗ ಕೇಳುವವರು ಲಕ್ಷಗಟ್ಟಲೆ ಇದ್ದಾರೆ. ಮೌನ ಕೇಳುವವನು ನಾನೊಬ್ಬನೇ ಇರಬೇಕು. ಅದಕ್ಕೇ ಇಂಥವೆಲ್ಲ ಹುಡುಕಿಕೊಂಡು ಬಂದು ನನಗೇ ಆಗುತ್ತವೆ.

ನಾನು ಚರ್ಚ್‌ಗೇಟಿನ ಹತ್ತಿರದ ಫೋರ್ಟಿನಲ್ಲಿರುವ ಒಂದು ವಕೀಲರ ಕಚೇರಿಯಲ್ಲಿ ಕರಾರುಪತ್ರಗಳನ್ನು ಸಹಿಗೆ ಮುಂಚೆ ಓದಿ ತಪ್ಪು ತೆಗೆಯುವವನು. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದವನಿಗೆ ಇದು ಒಳ್ಳೆಯ ಕೆಲಸವೇ. ಮನೆ ಗೋರೆಗಾಂವಿನಲ್ಲಿ. ಎರಡು ಕೋಣೆ, ಒಂದು ಟಿವಿ, ಮತ್ತು ಆ ಟಿವಿಯ ದನಿ ನಾಲ್ಕು ಕೋಣೆಗೆ ಆಗುವಷ್ಟು. ಕಚೇರಿ ಮುಟ್ಟುವ ಹೊತ್ತಿಗೆ ಸಹಿ ಹಾಕುವವರು ಪೆನ್ನು ತೆಗೆದು ಕೂತಿರುತ್ತಾರೆ. ಹಾಗಾಗಿ ನನ್ನ ಮೇಜು, ಕುರ್ಚಿ ಎಲ್ಲವೂ ಗೋರೆಗಾಂವಿನಿಂದಲೇ ಹೊರಡುವ ಎಂಟು ಹದಿನಾಲ್ಕರ ಸ್ಲೋ ಲೋಕಲ್ಲಿನ ಫಸ್ಟ್ ಕ್ಲಾಸ್ ಕಿಟಕಿ ಸೀಟು. ಚರ್ಚ್‌ಗೇಟಿಗೆ ಹತ್ತಿರ ಹತ್ತಿರ ಒಂದು ತಾಸು. ಹತ್ತೊಂಬತ್ತು ವರ್ಷದಿಂದ ಅಷ್ಟರಲ್ಲೇ ಓದಿ ಮುಗಿಸುತ್ತಿದ್ದೇನೆ.

ಹೋದ ವರ್ಷ ಒಂದು ತಪ್ಪು ತಪ್ಪಿಸಿಕೊಂಡಿತು. ಬಾಡಿಗೆ ಕರಾರಿನ ಒಂದು ಷರತ್ತಿನಲ್ಲಿ ಬಾಡಿಗೆದಾರನ ಹೆಸರಿರಬೇಕಾದಲ್ಲಿ ಮಾಲೀಕನ ಹೆಸರು ಬಿದ್ದಿತ್ತು. ಅದರ ಪ್ರಕಾರ ಮಾಲೀಕ ಮೂವತ್ತು ದಿನದೊಳಗೆ ತನ್ನ ಮನೆಯನ್ನು ತಾನೇ ಖಾಲಿ ಮಾಡಿ, ಬೀಗದ ಕೈಯನ್ನು ತನಗೇ ಒಪ್ಪಿಸಬೇಕಿತ್ತು. ನಮ್ಮ ಸಾಹೇಬರು ಕೂಗಾಡುವವರಲ್ಲ. “ಇನ್ನೊಂದು ಇಂಥದ್ದು ಆದರೆ ನಿಮ್ಮನ್ನು ಪವಾಯಿ ಆಫೀಸಿಗೆ ಕಳಿಸುತ್ತೇನೆ” ಎಂದರು. ಪವಾಯಿಯಲ್ಲಿ ಕೆರೆ ಇದೆ, ಗಾಜಿನ ಕಟ್ಟಡಗಳಿವೆ. ರೈಲು ಇಲ್ಲ. ಗೋರೆಗಾಂವಿನಿಂದ ಬಸ್ಸಿನಲ್ಲಿ ನಿಂತು ಹೋಗಬೇಕು. ನಿಂತು ಓದಿದರೆ ತಪ್ಪು ಉಳಿಯುತ್ತದೆ, ಪವಾಯಿಯ ಆಚೆಗೆ ಕಳಿಸಲು ಅವರ ಬಳಿ ಬೇರೆ ಆಫೀಸಿಲ್ಲ.

ಅಂದಿನಿಂದ ರೈಲು ಡಬ್ಬಿಯ ಮೌನ ನನ್ನ ಹೊಟ್ಟೆಪಾಡಾಯಿತು.

ಪ್ರತಿಜ್ಞೆ

ನನಗಿಂತ ಮುಂಚೆ ಬೇರೆ ಯಾರೋ ಡಬ್ಬಿಯನ್ನು ಸುಮ್ಮನಿರಿಸುವ ಕೆಲಸಕ್ಕೆ ಇಳಿದಿದ್ದರು. ಒಂದು ಸೋಮವಾರ ಅಂಧೇರಿಯಲ್ಲಿ ಇಬ್ಬರು ಸ್ವಯಂಸೇವಕರು ಹತ್ತಿದರು. ಎದೆಯ ಮೇಲೆ ತುಟಿಗೆ ಬೆರಳಿಟ್ಟ ಚಿತ್ರ, ಕೈಯಲ್ಲಿ ಬ್ಯಾಟರಿ ಹಾಕಿದ ಮೈಕು. ಪ್ರಯಾಣದಲ್ಲಿ ಶಬ್ದ ಮಾಡಬಾರದೆಂದು ತಿಳಿಹೇಳಲು ಬಂದವರು. ಕಿವಿ ಕೇಳದವರಿಗೂ ಮುಟ್ಟುವ ಹಾಗೆ ಸಾಂತಾಕ್ರೂಜ್ ತನಕ ತಿಳಿಹೇಳಿದರು. ಬೆಳಗಿನ ನಿದ್ದೆ ಹೊಡೆಯುತ್ತಿದ್ದ ನಾಲ್ವರು ಎದ್ದು ಕೂತರು. ನಾನು ಮೂರನೇ ಪುಟದಲ್ಲೇ ಇದ್ದೆ.

“ಈಗ ಎಲ್ಲರೂ ನಮ್ಮ ಜೊತೆ ಪ್ರತಿಜ್ಞೆ ಮಾಡಿ” ಎಂದರು.

ಎಲ್ಲರೂ ಮಾಡಿದರು. ಬೇಗ ಮುಗಿಯಲಿ ಎಂದು ನಾನೂ ಮಾಡಿದೆ. ಆದರೆ ಮೌನದ ಪ್ರತಿಜ್ಞೆಯನ್ನು ಬಾಂದ್ರಾ ಬರುವುದರೊಳಗೆ ಮೂರು ಸಲ ಹೇಳಬೇಕಾಯಿತು. ಮೊದಲೆರಡು ಸಲ ನಮ್ಮ ದನಿ ಸಾಲಲಿಲ್ಲವಂತೆ.

ಇಯರ್‌ಫೋನು

ನನ್ನ ಎದುರು ಸೀಟಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಕೂರುತ್ತಾರೆ. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮರೀನ್ ಲೈನ್ಸಿನಲ್ಲಿ ಇಳಿದು ಅಂಗಡಿಗೆ ಹೋಗುವವರು. ಬಹಳ ಮರ್ಯಾದಸ್ಥರು. ಗೋರೆಗಾಂವ್ ಬಿಟ್ಟ ಕೂಡಲೇ ಫೋನ್ ತೆಗೆದು ಒಂದಾದ ಮೇಲೊಂದು ವಿಡಿಯೋ ಹಚ್ಚುತ್ತಾರೆ, ಪೂರ್ತಿ ದನಿಯಲ್ಲಿ. ನಮ್ಮ ಮಾತೆಲ್ಲ ಹಿಂದಿಯಲ್ಲಿ.

ಒಂದು ದಿನ ಹೇಳಿಯೇ ಬಿಟ್ಟೆ: “ಸೇಠ್, ಇಯರ್‌ಫೋನ್ ಹಾಕಿಕೊಳ್ಳಬಹುದಲ್ಲ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಹಾಕಿಕೊಂಡರೆ ನನಗೊಬ್ಬನಿಗೇ ಕೇಳುತ್ತದಲ್ಲ.”

“ಅದೇ ಬೇಕಾಗಿರುವುದು.”

ಅವರು ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. “ನಿಮಗೆ ಇದು ಹಿಡಿಸಲಿಲ್ಲ ಅನ್ನಿ. ಯಾವುದು ಬೇಕು ಹೇಳಿ, ಅದನ್ನೇ ಹಚ್ಚುತ್ತೇನೆ.”

ಆದರೂ ಒಳ್ಳೆಯ ಮನುಷ್ಯ. ಮರುವಾರ ಇಯರ್‌ಫೋನ್ ಕೊಂಡು ತಂದರು. ಎರಡೂ ಕಿವಿಗೆ ತುರುಕಿಕೊಂಡು, ನನ್ನ ಕಡೆ ಬಾಗಿ, “ಈಗ ಸದ್ದಿಲ್ಲ ತಾನೆ?” ಎಂದು ಕೇಳಿದರು. ಕಿವಿ ಮುಚ್ಚಿದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ರೈಲು ಆಗ ದಾದರಿನಲ್ಲಿ ನಿಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ತಿನ್ನುತ್ತಿದ್ದ ಒಬ್ಬಾತ ತಿರುಗಿ, ಇಲ್ಲವೆಂದು ತಲೆಯಾಡಿಸಿದ.

ನಮ್ಮವರು

ಮುಂಬಯಿಯ ಕನ್ನಡಿಗರಿಗೆಲ್ಲ ಒಂದು ನಂಬಿಕೆ: ಕನ್ನಡದಲ್ಲಿ ಮಾತಾಡಿದರೆ ಸುತ್ತ ನಾಲ್ಕು ಗೋಡೆ ಎದ್ದು ನಿಲ್ಲುತ್ತವೆ. ಹಿಂದಿಯಲ್ಲಾದರೆ ಪಿಸುಗುಡುವ ಮಾತನ್ನು ಕನ್ನಡದಲ್ಲಿ ಗಂಟಲು ಬಿಚ್ಚಿ ಹೇಳುತ್ತಾರೆ. ಈ ನಗರದ ಅರ್ಧ ಹೋಟೆಲುಗಳನ್ನು ನಡೆಸುವವರು, ಗೋಡೆಗಳನ್ನು ಕಟ್ಟುವವರು ಯಾವ ಭಾಷೆಯವರೆಂದು ಅವರಿಗೆ ಆ ಹೊತ್ತಿಗೆ ನೆನಪಿರುವುದಿಲ್ಲ.

ಜೋಗೇಶ್ವರಿಯಲ್ಲಿ ಒಬ್ಬ ಹೊಸಬ ಹತ್ತಿ ನನ್ನ ಪಕ್ಕ ಕೂತ. ಫೋನಿನಲ್ಲಿ ಹೆಂಡತಿ ಇದ್ದಳೆಂದು ಕಾಣುತ್ತದೆ.

“ಇಲ್ಲಿ ಯಾರಿಗೂ ನಮ್ಮ ಭಾಷಾ ಬರಂಗಿಲ್ಲ, ನೀ ಹೇಳು. ನಿಮ್ಮಣ್ಣ ಏನಂದ? ... ಅಂವಗ ಬುದ್ಧಿ ಇದ್ದಿದ್ರ ಇಷ್ಟೊತ್ತಿಗೆ ಬರ್ತಿತ್ತು ಬಿಡು.” ಭಾವಮೈದುನನ ಗುಣಗಾನ ವಿಲೇ ಪಾರ್ಲೆ ತನಕ ನಡೆಯಿತು. ಆಮೇಲೆ ದಾರಿಯ ವರದಿ. “ಏ, ಗದ್ದಲ ಏನೂ ಇಲ್ಲ. ಸೀಟ್ ಸಿಕ್ಕೈತಿ. ಬಾಜೂಕ ಒಬ್ಬ ಕುಂತಾನ, ಕಾಗದ ಹಿಡಕೊಂಡು. ಮಾರಿ ನೋಡಿದ್ರ ಹರಳೆಣ್ಣಿ ಕುಡದು ಬಂದಾಂಗ ಐತಿ.”

ನಾನು ಕಾಗದದಿಂದ ತಲೆ ಎತ್ತದೆ ಹೇಳಿದೆ: “ಸ್ವಲ್ಪ ಮೆಲ್ಲಕ ಮಾತಾಡ್ರಿ.”

ನಾಚಿಕೆಯಾಗಿ ಸುಮ್ಮನಾಗುತ್ತಾನೆ ಎಂದು ನನ್ನ ಲೆಕ್ಕ. ಅವನು ಫೋನನ್ನು ಎದೆಗೆ ಒತ್ತಿಕೊಂಡು ಅರಳಿದ. “ಅಯ್ಯ, ನಮ್ಮವರ ಅದೀರಲ್ರೀ! ಯಾವೂರ್ರೀ ಸರ?” ಮತ್ತೆ ಫೋನಿಗೆ: “ಏ, ನಾ ಹೇಳಿದ್ನಲ್ಲ ಹರಳೆಣ್ಣಿ, ಅವರು ನಮ್ಮ ಕಡೆಯವರು. ತಡಿ, ಕೊಡ್ತೀನಿ, ನಮಸ್ಕಾರ ಅನ್ನು.”

ಅವನು ವಿಜಯಪುರದ ಕಡೆಯವನು, ಟೈಲ್ಸ್ ಹಾಕಿಸುವ ಮೇಸ್ತ್ರಿ. ಲೋವರ್ ಪರೇಲಿನ ಒಂದು ಟವರಿನಲ್ಲಿ ಕೆಲಸ, ಕಂಟ್ರಾಕ್ಟರು ಫಸ್ಟ್ ಕ್ಲಾಸ್ ಪಾಸ್ ತೆಗೆಸಿಕೊಟ್ಟಿದ್ದರು. ಮರುದಿನದಿಂದ ಅವನು ಎರಡು ಸ್ಟೇಷನ್ ಹಿಂದೆ ಬಂದು, ಗೋರೆಗಾಂವಿನಲ್ಲೇ ಹತ್ತತೊಡಗಿದ. ಮಾತಿಗೆ ಜನ ಇಲ್ಲದೆ ನನ್ನ ಮುಖ ಹೀಗಾಗಿದೆ ಎಂದು ಅವನ ಹೆಂಡತಿ ಹೇಳಿದಳಂತೆ.

ಜಾಲರಿಯ ಆಚೆ

ನಮ್ಮ ಡಬ್ಬಿಗೂ ಪಕ್ಕದ ಸೆಕೆಂಡ್ ಕ್ಲಾಸಿಗೂ ನಡುವೆ ಇರುವುದು ಕಬ್ಬಿಣದ ಜಾಲರಿ. ಆಚೆ ಒಂದು ಭಜನಾ ಮಂಡಳಿ ಕೂರುತ್ತದೆ. ಎಂಟು ಜನ, ಆರು ಜೋಡಿ ತಾಳ, ಒಂದು ಢೋಲಕ್. ನನಗೆ ದೇವರ ಮೇಲೆ ನಂಬಿಕೆಯಿಲ್ಲ. ಅವನ ಹೆಸರನ್ನು ವಿಲೇ ಪಾರ್ಲೆಯಿಂದ ಮಾಟುಂಗಾ ತನಕ ತಾಳದ ಸಮೇತ ಕೇಳಿದರೂ ಅದು ಬದಲಾಗಿಲ್ಲ.

ಮುಖ್ಯ ಗಾಯಕರು ಬ್ಯಾಂಕಿನಲ್ಲಿ ಕೆಲಸ ಮಾಡುವ ಹಿರಿಯರು. ಜಾಲರಿಯ ಹತ್ತಿರ ಹೋಗಿ ನನಗೆ ಬರುವ ಮರಾಠಿಯಲ್ಲಿ ಕೇಳಿಕೊಂಡೆ: “ಕಾಕಾ, ಸ್ವಲ್ಪ ತಗ್ಗಿಸಲು ಆಗುತ್ತದೆಯೇ? ನನ್ನ ಕೆಲಸದ ಪ್ರಶ್ನೆ.”

ಅವರು ತಾಳ ನಿಲ್ಲಿಸಿ, ಜಾಲರಿಯ ಸಂದಿಯಿಂದ ಒಂದು ಕೊಬ್ಬರಿ ಚೂರು ಕೊಟ್ಟರು. “ಖಂಡಿತ. ನಿಮ್ಮ ಪಾರಾಯಣಕ್ಕೆ ನಮ್ಮಿಂದ ತೊಂದರೆಯಾದರೆ ತಪ್ಪು ನಮ್ಮದೇ.”

“ನನ್ನದು ಯಾವ ಪಾರಾಯಣವೂ ಇಲ್ಲ.”

ಅವರು ತಮ್ಮವರ ಕಡೆ ತಿರುಗಿದರು. “ನೋಡಿ, ದಿನಾ ಬೆಳಿಗ್ಗೆ ಒಂದು ತಾಸು ಗ್ರಂಥ ಹಿಡಿದು ಓದುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಭಕ್ತಿ ಅಂದರೆ ಹೀಗಿರಬೇಕು.”

ಎಂಟು ಜನರೂ ನನಗೆ ಕೈ ಮುಗಿದರು. ಕೈಯಲ್ಲಿ ಕೊಬ್ಬರಿ ಇದ್ದುದರಿಂದ ನಾನು ತಿರುಗಿ ಮುಗಿಯಲಿಲ್ಲ. ಅದನ್ನೂ ವೈರಾಗ್ಯವೆಂದೇ ತಿಳಿದರು.

ಯಾರ ಸದ್ದು

ಸೀಟಿಗೆ ಬಂದು ಮೇಸ್ತ್ರಿಯನ್ನು ಕೇಳಿದೆ, ಆ ಕಾಕಾ ಯಾವುದನ್ನು ಪಾರಾಯಣ ಅನ್ನುತ್ತಿದ್ದಾರೆಂದು.

“ನೀವು ಓದ್ತೀರಲ್ರೀ ಸರ, ಅದು.”

“ನಾನು ಮನಸ್ಸಿನ್ಯಾಗ ಓದ್ತೀನಿ.”

ಮೇಸ್ತ್ರಿ ವ್ಯಾಪಾರಿಯ ಕಡೆ ನೋಡಿದ. ವ್ಯಾಪಾರಿ ಕಿಟಕಿಯ ಕಡೆ ನೋಡಿದರು. ಮೈಯಲ್ಲಿ ಹುಷಾರಿಲ್ಲದವನಿಗೆ ಡಾಕ್ಟರು ಹೇಳುವ ಹಾಗೆ ಮೇಸ್ತ್ರಿ ಮೆತ್ತಗೆ ಹೇಳಿದ: “ಇಲ್ರೀ ಸರ. ಎಲ್ಲಾರಿಗೂ ಕೇಳ್ತೈತಿ.”

ನಮ್ಮ ಕಸುಬಿನಲ್ಲಿ ಮೊದಲು ಇಬ್ಬರು ಎದುರುಬದುರು ಕೂತು ಓದುವ ಪದ್ಧತಿ ಇತ್ತು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು, ಕಾಮಾ, ಫುಲ್‌ಸ್ಟಾಪು, ಬ್ರಾಕೆಟ್ಟು ಸಮೇತ. ಇನ್ನೊಬ್ಬ ಟೈಪಾದ ಪ್ರತಿ ನೋಡಬೇಕು. ಆ ಇನ್ನೊಬ್ಬರು ನಿವೃತ್ತರಾದ ಮೇಲೆ ನಾನು ಒಳಗೊಳಗೇ ಓದಲು ಶುರು ಮಾಡಿದ್ದೆ. ಹಾಗೆಂದು ನಾನು ತಿಳಿದಿದ್ದೆ.

ಸಂಜೆ ಮನೆಯಲ್ಲಿ ಹೆಂಡತಿಯನ್ನು ವಿಚಾರಿಸಿದೆ. ಅವಳು ಸೀರಿಯಲ್ಲಿನಿಂದ ಕಣ್ಣು ತೆಗೆಯದೆ ಹೇಳಿದಳು: “ಮತ್ಯಾಕ ನಾ ಟಿವಿ ಇಷ್ಟು ಜೋರ ಇಡ್ತೀನಿ ಅಂತ ಮಾಡೀರಿ?”

ಎರಡನೇ ಮಹಡಿ

ಮರುದಿನ ಬಾಯಿ ಬಿಗಿ ಹಿಡಿದು ಕೂತೆ. ಒಂದು ಗೋಡೌನಿನ ಕರಾರು, ಹನ್ನೊಂದಕ್ಕೆ ಸಹಿ. ಹಿಂದಿನ ದಿನ ಪೂರ್ತಿ ಓದಿ ಆಗಿತ್ತು, ಈಗ ಕೊನೆಯ ಸಲ ಕಣ್ಣಾಡಿಸುವುದಷ್ಟೇ ಬಾಕಿ. ಡಬ್ಬಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅಂಧೇರಿಯಲ್ಲಿ ಹತ್ತಿದವರು ಯಾರಿಗೆ ಏನಾಯಿತೆಂದು ಕೇಳಿದರು. ನನಗೆ ನಿದ್ದೆ ಬಂತು.

ಖಾರ್ ದಾಟಿದ ಮೇಲೆ ವ್ಯಾಪಾರಿ ತಡೆಯಲಾರದೆ ನನ್ನ ಮೊಣಕಾಲು ತಟ್ಟಿದರು. “ಒಂದು ಮಾತು. ಆ ಗೋಡೌನು ಎರಡನೇ ಮಹಡಿಯೋ ಮೂರನೆಯದೋ?”

“ಎರಡನೆಯದು.”

“ನಿನ್ನೆ ಅಂಧೇರಿಯಲ್ಲಿ ಎರಡನೆಯದು ಅಂದಿರಿ. ಮಾಹಿಮ್ ಬಿಟ್ಟ ಮೇಲೆ ಮೂರನೆಯದು ಅಂದಿರಿ. ಅಂಗಡಿಯಲ್ಲೂ ಅದೇ ಯೋಚನೆ. ಮೂರನೇ ಮಹಡಿಗೆ ಲಿಫ್ಟಿಲ್ಲದೆ ಸರಕು ಹೊರುವವರು ಯಾರು?”

ಮೇಸ್ತ್ರಿಯೂ ಸೇರಿಕೊಂಡ. “ಹೌದ್ರೀ ಸರ, ನಾನೂ ಕೇಳೀನಿ. ನಾ ಎರಡೂ ಮಹಡಿ ತಗೊಂಡಾರೇನೋ ಅಂದ್ಕೊಂಡೆ.”

ಕರಾರು ತೆಗೆದೆ. ನಾಲ್ಕನೇ ಪುಟದಲ್ಲಿ ಎರಡನೇ ಮಹಡಿ. ಇಪ್ಪತ್ತಮೂರನೇ ಪುಟದಲ್ಲಿ ಮೂರನೇ ಮಹಡಿ. ಅದೇ ಸಾಲನ್ನು ನಾನು ಮೂರು ಸಲ ಓದಿದ್ದೆ. ಬಾಯಿ ಓದುತ್ತಿತ್ತು, ಕೇಳಿಸಿಕೊಂಡವರು ಅವರು. ದಾದರ್ ಬರುವುದರೊಳಗೆ ತಿದ್ದಿದೆ.

ಮಧ್ಯಾಹ್ನ ಸಾಹೇಬರು ಕರೆಸಿದರು. “ಇದನ್ನು ನಮ್ಮ ಮೂವರು ವಕೀಲರು ನೋಡಿದ್ದಾರೆ, ಯಾರಿಗೂ ಸಿಗಲಿಲ್ಲ. ನಿಮಗೆ ಹೇಗೆ ಸಿಕ್ಕಿತು?”

ನಿಜ ಹೇಳಬಹುದಿತ್ತು. ಹೇಳಿದರೆ, ನಮ್ಮ ಕಕ್ಷಿದಾರರ ಗುಟ್ಟುಗಳನ್ನೆಲ್ಲ ಇಷ್ಟು ದಿನದಿಂದ ಒಬ್ಬ ಬಟ್ಟೆ ವ್ಯಾಪಾರಿಗೆ, ಒಬ್ಬ ಟೈಲ್ಸ್ ಮೇಸ್ತ್ರಿಗೆ, ಒಂದು ಭಜನಾ ಮಂಡಳಿಗೆ ಓದಿ ಹೇಳುತ್ತಿದ್ದೇನೆ ಎಂದೂ ಹೇಳಬೇಕು. ಆಗ ಪವಾಯಿಯೂ ಸಿಗುವುದಿಲ್ಲ.

“ಏಕಾಗ್ರತೆ, ಸರ್” ಎಂದೆ.

ಸಾಹೇಬರಿಗೆ ಸಂತೋಷವಾಯಿತು. “ಇಂಥ ಏಕಾಗ್ರತೆಗೆ ಈ ಫೋರ್ಟು ತಕ್ಕ ಜಾಗವಲ್ಲ. ಕೆಳಗೆ ಹಾರನ್ನು, ಒಳಗೆ ಗಲಾಟೆ. ನಮ್ಮ ಪವಾಯಿ ಆಫೀಸು ಬಹಳ ಶಾಂತವಾಗಿದೆ. ಮುಂದಿನ ತಿಂಗಳಿಂದ ನೀವು ಅಲ್ಲಿ. ಇದನ್ನು ಬಡ್ತಿ ಅಂತ ತಿಳಿಯಿರಿ.”

ಮರುದಿನ ಬೆಳಿಗ್ಗೆ ಡಬ್ಬಿಯಲ್ಲಿ ಹೋದ ವರ್ಷದ ಬೆದರಿಕೆಯಿಂದ ಹಿಡಿದು ಎಲ್ಲ ವಿಷಯ ಹೇಳಿದೆ. ವ್ಯಾಪಾರಿ ವಿಡಿಯೋ ನಿಲ್ಲಿಸಿದರು. ಜಾಲರಿಯ ಆಚೆ ತಾಳವೂ ನಿಂತಿತು. ಅವರಿಗೂ ಕೇಳಿಸಿರಬೇಕು, ನನ್ನ ದನಿ ಎಂಥದ್ದೆಂದು ಈಗ ನನಗೂ ಗೊತ್ತು.

“ಬಸ್ಸಿನ್ಯಾಗ ಯಾರು ಕೇಳ್ತಾರ್ರೀ ಸರ?” ಎಂದ ಮೇಸ್ತ್ರಿ.

“ಬಸ್ಸಿನಲ್ಲಿ ನಿಂತು ಓದಲಿಕ್ಕೇ ಆಗುವುದಿಲ್ಲ” ಎಂದೆ ಹಿಂದಿಯಲ್ಲಿ, ಎಲ್ಲರಿಗೂ ತಿಳಿಯಲೆಂದು.

ವ್ಯಾಪಾರಿ ಯೋಚಿಸಿದರು. ತತ್ತ್ವಶಾಸ್ತ್ರ ಓದಿದವನು ನಾನಾದರೂ ದಾರಿ ಹೊಳೆದದ್ದು ಅವರಿಗೆ.

“ಫೋರ್ಟಿನಲ್ಲಿ ತಪ್ಪು ಮಾಡಿದರೆ ಪವಾಯಿಗೆ ಹಾಕುತ್ತೇನೆ ಅಂದಿದ್ದರು, ಅಲ್ಲವೇ?”

“ಹೌದು.”

“ಹಾಗಾದರೆ ಪವಾಯಿಯಲ್ಲಿ ತಪ್ಪು ಮಾಡಿದರೆ ಫೋರ್ಟಿಗೇ ಹಾಕಬೇಕು. ಬೇರೆ ಆಫೀಸಿಲ್ಲವಲ್ಲ.” ಅವರು ತಮ್ಮ ಕರವಸ್ತ್ರವನ್ನು ತೆಗೆದು, ಬಿಡಿಸಿ, ನಾನು ಇನ್ನೂ ಕೂತಿದ್ದ ಸೀಟಿನ ಅಂಚಿಗೆ ಹಾಸಿದರು. “ಎಷ್ಟು ದಿನ ಬೇಕಾಗುತ್ತದೆ ಹೇಳಿ. ಅಲ್ಲಿಯವರೆಗೆ ಜಾಗ ಹಿಡಿದಿರುತ್ತೇನೆ.”