ಬೈರಮ್ಮನ ಸೀರೆ, ಮರೆವ್ವನ ಕೌದಿ

ಮರೆವ್ವನ ಊರಿನಲ್ಲಿ ಯಾರಾದರೂ ಕೌದಿ ಹೊಲಿಯಲು ಕೂತರೆ ಅಕ್ಕಪಕ್ಕದವರು ತಮ್ಮ ಹಳೆ ಸೀರೆಗಳನ್ನು ತಂದು ಅವರ ಬಾಗಿಲಲ್ಲಿ ಹಾಕಿ ಹೋಗುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಮಗ ಬಾಡಿಗೆಗಿರುವ ನಗರದ ದೊಡ್ಡನೆಕ್ಕುಂದಿಯಲ್ಲಿ ಬಾಗಿಲ ಮುಂದಿನ ತಂತಿಯ ಮೇಲೆ ಸೀರೆ ಕಂಡರೆ ಅದು ಒಣಗಲು ಹಾಕಿದ್ದು. ಆ ಭಾನುವಾರ ಈ ವ್ಯತ್ಯಾಸ ಹಣಮಂತನ ತಲೆಗೆ ಹೊಳೆಯುವ ಹೊತ್ತಿಗೆ, ಅವನ ತಾಯಿ ಮರೆವ್ವ ಮನೆ ಓನರ್ ಬೈರಮ್ಮನ ಸೀರೆಯನ್ನು ಹರಿದು ತನ್ನ ಅರ್ಧ ಮುಗಿದ ಕೌದಿಗೆ ಚೌಕ ಚೌಕ ಮಾಡಿಯಾಗಿತ್ತು.

“ಎಷ್ಟು ಮೆತ್ತಗ ಐತಿ ನೋಡೋ! ದೊಡ್ಡ ಮನಸಿನ ಹೆಣ್ಮಗಳು, ತಾನಾಗೇ ತಂದು ಹಾಕ್ಯಾಳ.”

ದೊಡ್ಡ ಮನಸಿನ ಹೆಣ್ಣುಮಗಳು ಆಗಲೇ ಮೆಟ್ಟಿಲ ಮೇಲೆ ನಿಂತಿದ್ದಳು.

“ಅಯ್ಯೋ, ಅದು ನಮ್ಮವ್ವನ ಸೀರೆ! ಅವಳ ನೆನಪು ಅಂತ ಇದ್ದಿದ್ದೇ ಅದೊಂದು. ಸಂಜೆ ಒಳಗೆ ರೂಮು ಖಾಲಿ ಮಾಡಿ!”

ಹಣಮಂತ ಕೈಮುಗಿದ. ಫ್ಯಾಕ್ಟರಿಗೆ ಹತ್ತಿರದ ಕೋಣೆ. ಒಂಟಿ ಬಾಳು, ಮೆಸ್ಸಿನ ಊಟ ಎರಡೂ ಸಾಕಾಗಿ, ಅವ್ವನನ್ನು ಜೊತೆಗಿಟ್ಟುಕೊಳ್ಳಲೆಂದೇ ಹುಡುಕಿ ಹಿಡಿದದ್ದು.

“ಒಂದು ಹೊಸ ಸೀರೆ ತಂದ್ಕೊಡಿ ಅಣ್ಣ, ಕೋಪ ತಾನಾಗೇ ಇಳಿಯುತ್ತೆ” ಎಂದು ಪಕ್ಕದ ಕೋಣೆಯ ಶಶಿಕಲಾ ಕಿಟಕಿಯಿಂದಲೇ ಸಲಹೆ ಎಸೆದಳು.

ಅವನು ಓಡಿ ಹೋಗಿ ತಂದ ಸೀರೆ ಗಣೇಶನ ಪೆಂಡಾಲಿನಂತೆ ಮಿನುಗುತ್ತಿತ್ತು. ಬೈರಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಇದುನ್ನ ಉಟ್ಕೊಂಡು ನಾನೇನು ಆರ್ಕೆಸ್ಟ್ರಾದಲ್ಲಿ ಕುಣೀಲಾ?”

ಇನ್ನು ದಾರಿಯಿಲ್ಲದೆ ಹಣಮಂತ ದಾಸರಹಳ್ಳಿಯ ಗೆಳೆಯ ಯಮನೂರನಿಗೆ ಫೋನ್ ಮಾಡಿ ಅವನ ಕೋಣೆಯಲ್ಲಿ ಜಾಗ ಕೇಳಿದ. ಲಗೇಜ್ ಆಟೋ ಕರೆಸಿ ತನ್ನ ಟ್ರಂಕು, ಹಾಸಿಗೆ ಏರಿಸಿದ. ಮರೆವ್ವ ಮಾತ್ರ ಕದಲಲಿಲ್ಲ.

“ಹರದಾಕಿ ನಾನು. ಹೊಲದು ಆಕಿ ಕೈಯಾಗ ಕೊಟ್ಟಽ ಏಳಾಕಿ.”

ಕೆಳಗೆ ಹಗ್ಗ ಬಿಗಿಯುತ್ತಿದ್ದಾಗ ಬೈರಮ್ಮ ದಡದಡ ಮೆಟ್ಟಿಲು ಹತ್ತಿದ್ದನ್ನು ಹಣಮಂತ ನೋಡಿದ. ಕಿವಿ ನಿಮಿರಿಸಿದ. ಬೈಗುಳ ಕೇಳಲಿಲ್ಲ. ಬೈಗುಳಕ್ಕಿಂತ ಈ ಮೌನಕ್ಕೇ ಹೆದರಿ ಮೇಲಕ್ಕೋಡಿದ.

ಕೌದಿಯ ನಟ್ಟನಡುವೆ ಬೈರಮ್ಮನ ಅವ್ವನ ಸೀರೆಯ ಸೆರಗು, ಸುತ್ತಲೂ ಇರುವೆ ಸಾಲಿನಂಥ ಹೊಲಿಗೆ. ಬೈರಮ್ಮ ಅದರ ಮೇಲೆ ಅಂಗೈ ಇಟ್ಟು ಕೂತಿದ್ದಳು.

“ನಮ್ಮವ್ವ ಈ ಸೆರಗಲ್ಲೇ ನನ್ನ ಮುಖ ಒರೆಸ್ತಿದ್ಲು” ಎಂದಳು ಮೆಲ್ಲಗೆ. ಆಮೇಲೆ, ಯಾರೂ ಕೇಳದಿದ್ದರೂ, ಅವ್ವ ಹಾಡುತ್ತಿದ್ದ ಸೋಬಾನೆ ಪದವೊಂದನ್ನು ಎತ್ತಿಕೊಂಡಳು. ಮರೆವ್ವನ ಸೂಜಿ ಅದರ ಲಯಕ್ಕೆ ನಡೆಯಿತು. ಪದ ಮುಗಿದದ್ದೇ ಮರೆವ್ವ ತನ್ನೂರಿನ ಬೀಸುವ ಪದ ಹಾಡಿದಳು. ಸೂಜಿ ಬೈರಮ್ಮನ ಕೈಗೆ ಹೋಯಿತು.

“ಇಂಗೆ ತಾನೆ ಅಕ್ಕ?”

“ಹೂಂ, ಸಣ್ಣಗ ಹಾಕ. ಕೈ ಛಲೋ ಐತಿ ನಿಂದು.”

ಶಶಿಕಲಾ ತನ್ನ ಹಳೆ ಸೀರೆಗಳನ್ನು ತಬ್ಬಿಕೊಂಡು ಬಂದೇಬಿಟ್ಟಳು.

“ಖಾಲಿ ಮಾಡೋ ಮಾತೇ ಬೇಡ ಅಕ್ಕ” ಎಂದಳು ಬೈರಮ್ಮ. “ಇದಾದ್ಮೇಲೆ ನಮ್ಮತ್ತೆ ಸೀರೆಗಳೂ ಅವೆ.”

ಹಣಮಂತನಿಗೆ ಹೋದ ಜೀವ ಬಂತು. “ಹಂಗಾರ ಸಾಮಾನು ಇಳಸ್ತೀನ್ರಿ!”

ಬೈರಮ್ಮ ಕೋಣೆಯ ಸುತ್ತ ಕಣ್ಣಾಡಿಸಿದಳು. ಕೌದಿ ಗೋಡೆಯಿಂದ ಗೋಡೆಗೆ ಹಾಸಿತ್ತು. “ಎಲ್ಲಿ ಇಡ್ತೀಯಪ್ಪಾ? ಬೀದಿ ಹೆಂಗಸರೆಲ್ಲ ಬಂದು ಕೂರೋ ಜಾಗ ಇದು. ನಿಮ್ಮವ್ವನ ಊಟ, ನಿದ್ದೆ ಎಲ್ಲಾ ನಮ್ಮನೇಲೇ. ಗಾಡಿ ಎಂಗೂ ನಿಂತೈತೆ.”

“ಎವ್ವಾ!” ಎಂದ ಹಣಮಂತ.

“ಖರೇ ಹೇಳ್ತಾಳ ಮಗನ,” ಮರೆವ್ವ ದಾರ ಕಚ್ಚಿ ತುಂಡರಿಸಿದಳು. “ಯಮನೂರ ಒಳ್ಳೆ ಹುಡುಗ.”

ಹಣಮಂತನನ್ನು ಹತ್ತಿಸಿಕೊಂಡು ಆಟೋ ಹೊರಟಿತು. ಬೈರಮ್ಮ ಮಹಡಿಯಿಂದ ಬಗ್ಗಿ, ತಾಯಿಯ ಅಕ್ಕರೆಯಿಂದಲೇ ಕೂಗಿದಳು:

“ಮುಂದಿನ ಭಾನುವಾರ ಊಟಕ್ಕೆ ಬಾಪ್ಪಾ ಹಣಮಂತ! ಬರೋ ಮುಂಚೆ ಒಂದು ಫೋನ್ ಮಾಡು, ನಿಮ್ಮವ್ವಂಗೆ ಪುರುಸೊತ್ತು ಇರುತ್ತೋ ಇಲ್ವೋ!”